ಹಾಲುಹಲ್ಲಿಗೂ ಬೇರಿತ್ತು

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ಅವಳು ಎಂದಿನಂತೆ ಆರಕ್ಕೇ ಎದ್ದಳು. ಏಳಲೇಬೇಕೆಂಬ ಕಾರಣವೇನೂ ಇರಲಿಲ್ಲ. ಎಚ್ಚರವಾಯಿತು, ಎದ್ದಳು. ಬಚ್ಚಲುಮನೆಯ ಗಾಜಿನ ಲೋಟದಲ್ಲಿ ಎರಡು ಬ್ರಷ್ಷುಗಳು ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿದ್ದವು. ಅವನದು ಎಳೆಗಳೆಲ್ಲ ಕೆದರಿ ಪೊರಕೆಯಾಗಿತ್ತು. ಊರಿಗೆಲ್ಲ ಹಲ್ಲು ಕಟ್ಟುವವನ ಬ್ರಷ್ಷು ನೋಡು ಎಂದು ಅವಳು ನಗುತ್ತಿದ್ದಳು. ಈ ಬೆಳಗ್ಗೆ ತನ್ನದನ್ನು ತೆಗೆದುಕೊಂಡು ಉಜ್ಜಿದಳು, ತೊಳೆದಳು, ಮತ್ತೆ ಅದೇ ಲೋಟದಲ್ಲಿ ಇಟ್ಟಳು.

ಅಡುಗೆಮನೆಯಲ್ಲಿ ಅತ್ತೆ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದರು.

“ಓವರ್‌ಟೈಮು, ಓವರ್‌ಟೈಮು ಅಂತ ಜೀವ ತೇದುಬಿಟ್ಟ ನನ್ನ ಮಗ. ವಾರಕ್ಕೆರಡು ದಿನ ಗಂಡ ಹೊತ್ತು ಮೀರಿ ಬರ್ತಾನೆ ಅಂದ್ರೆ, ಸಾಕು ಬಿಡು ಅಂತ ಒಂದು ಮಾತು ಹೇಳೋಕೆ ನಿನ್ನ ಗಂಟೇನು ಹೋಗ್ತಿತ್ತು?”

ಅವಳು ಹಾಲು ಕಾಯಲು ಇಟ್ಟಳು. ಒಂದು ವಾರದಿಂದ ಯಾರಿಗೂ ಉತ್ತರ ಕೊಟ್ಟಿರಲಿಲ್ಲ. ಬಂದವರೆಲ್ಲ ಅದನ್ನು ದುಃಖ ಎಂದುಕೊಂಡರು. ಅದು ದುಃಖವೂ ಆಗಿರಲಿಲ್ಲ. ಹಲ್ಲು ಕೀಳುವ ಮೊದಲು ಒಸಡಿಗೆ ಸೂಜಿ ಚುಚ್ಚಿದ ಮೇಲೆ ಬಾಯಿ ಇದ್ದೂ ಇಲ್ಲದ ಹಾಗೆ ಇರುತ್ತದಲ್ಲ, ಹಾಗಿತ್ತು.

ಅವನು ಕೃತಕ ಹಲ್ಲು ಮಾಡುವ ಕೆಲಸಗಾರ. ಹನ್ನೊಂದು ವರ್ಷದಿಂದ ಒಂದೇ ಕಾರ್ಖಾನೆ, ಒಂದೇ ಸ್ಟೂಲು. ಅವಳು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಓದಿದವಳು; ಶಾಲೆಯ ಇಂಗ್ಲಿಷ್ ಪುಸ್ತಕಗಳನ್ನು ಅಚ್ಚು ಹಾಕುವ ಕಡೆ ಕರಡು ತಿದ್ದುವ ಕೆಲಸ. ಏಳು ತಿಂಗಳಿಂದ ಮಂಗಳವಾರ, ಶುಕ್ರವಾರ ಅವನಿಗೆ ಓವರ್‌ಟೈಮ್. ಹೋದ ವಾರದ ಮಂಗಳವಾರ ಸಂಜೆ ರೈಲ್ವೆ ಸೇತುವೆಯ ತಿರುವಿನಲ್ಲಿ ಲಾರಿಯೊಂದು ಅವನ ಸ್ಕೂಟರಿಗೆ ಗುದ್ದಿತು. ಕಾರ್ಖಾನೆಯಿಂದ ಮನೆಗೆ ಬರುವ ದಾರಿಯಲ್ಲಿ ಯಾವ ಸೇತುವೆಯೂ ಇಲ್ಲ. ಅಳುತ್ತಿದ್ದವರ ನಡುವೆ ಅದನ್ನು ಯಾರೂ ಗಮನಿಸಲಿಲ್ಲ. ಅವಳು ಗಮನಿಸಿದ್ದಳು. ಗಮನಿಸುವುದೇ ಅವಳ ಕಸುಬು.

ಅವತ್ತು ಬೆಳಗ್ಗೆ ಅವನು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಕೇಳಿದ್ದ, “ಶುಕ್ರವಾರ ಸಂಜೆ ಬಿಡುವಿದೆಯಾ ನಿಂಗೆ?”

“ಯಾಕೆ?” ಎಂದಿದ್ದಳು, ಕರಡಿನಿಂದ ಕಣ್ಣೆತ್ತದೆ.

“ಏನಿಲ್ಲ ಬಿಡು.”

ಅವಳು ಬಿಟ್ಟಿದ್ದಳು.

ಎಂಟು ಗಂಟೆಗೆ ಗ್ಯಾರೇಜಿನವನು ಸ್ಕೂಟರನ್ನು ತಳ್ಳಿಕೊಂಡು ಬಂದ. ಮುಂದಿನ ಚಕ್ರ ಹೊಸದು, ಮಿಕ್ಕಿದ್ದೆಲ್ಲ ಹಳೆಯದು.

“ಅಕ್ಕಾ, ಸೀಟಿನ ಕೆಳಗೆ ಏನೋ ಸಾಮಾನಿದೆ. ನಾನು ಮುಟ್ಟಿಲ್ಲ.” ಸ್ವಲ್ಪ ತಡೆದು ಸೇರಿಸಿದ, “ನೋಡಿದೆ, ಮುಟ್ಟಿಲ್ಲ. ಎರಡು ದಿನ ಊಟ ಸೇರಲಿಲ್ಲ ನಂಗೆ.”

ಸೀಟು ಎತ್ತಿದಳು. ನೀಲಿ ಅಂಚಿನ ಟವೆಲ್ಲು. ಮೂರು ವಾರದ ಹಿಂದೆ ಅದಕ್ಕಾಗಿ ಮನೆಯೆಲ್ಲ ಹುಡುಕಿ, ಒಂದು ವಸ್ತುವೂ ಇಟ್ಟಲ್ಲಿ ಇರಲ್ಲ ನಿನ್ನಿಂದ ಎಂದು ಅವನನ್ನು ಬೈದಿದ್ದಳು. ಬಿಚ್ಚಿದಾಗ ಒಳಗೆ ಒಂದು ದವಡೆ.

ಪ್ಲಾಸ್ಟರಿನ ದವಡೆ, ಮಗುವಿನದು. ಮೇಲೆ ಸಣ್ಣ ಸಣ್ಣ ಹಾಲುಹಲ್ಲುಗಳ ಸಾಲು. ಎರಡೂ ಪಕ್ಕದಲ್ಲಿ ಮೂಳೆಯನ್ನು ಕಿಟಕಿಯಂತೆ ಕೊರೆದು ತೆಗೆದಿದ್ದರು. ಒಳಗೆ, ಹಾಲುಹಲ್ಲುಗಳ ಬುಡದಲ್ಲಿ, ದೊಡ್ಡ ಹಲ್ಲುಗಳು ಒತ್ತೊತ್ತಾಗಿ, ಓರೆಯಾಗಿ, ಸರದಿಗೆ ಕಾಯುತ್ತಿದ್ದವು. ಲಾರಿ ಅವನ ತಲೆ ಒಡೆದಿತ್ತು. ಟವೆಲ್ಲಿನಲ್ಲಿದ್ದ ದವಡೆಗೆ ಒಂದು ಗೀರು ಬಿದ್ದಿರಲಿಲ್ಲ.

ಅತ್ತೆ ಹಿಂದಿನಿಂದ ಬಂದು ನೋಡಿದರು. ನೋಡುತ್ತಲೇ ಇದ್ದರು. ಅವಳಿಗೆ ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ.

“ಯಾವ ಮಗೂದು ಇದು?”

“ಪ್ಲಾಸ್ಟರ್, ಅತ್ತೆ. ಕಾರ್ಖಾನೇದಿರಬೇಕು.”

“ಸೇತುವೆ ಆಚೆ ಯಾರ ಮನೆ ಇದೆ?” ಅತ್ತೆಯ ದನಿ ಇಳಿದಿತ್ತು. ಹಾಗಾದರೆ ಅವರೂ ಗಮನಿಸಿದ್ದರು. “ಕಾರ್ಖಾನೆ ಈ ಕಡೆ, ಮನೆ ಈ ಕಡೆ. ಅಲ್ಲಿ ಯಾರಿದಾಳೆ?”

ಆ ಪ್ರಶ್ನೆ ಅವಳದೂ ಆಗಿತ್ತು. ಬಂದದ್ದು ಮಾತ್ರ ಅತ್ತೆಯ ಬಾಯಿಂದ.

ಕಾರ್ಖಾನೆ ಎಂದರೆ ಒಂದು ಉದ್ದನೆಯ ಕೋಣೆ, ನಾಲ್ಕು ಮೇಜು, ಪಾಲಿಶ್ ಮಾಡುವ ಒಂದು ಮೋಟಾರು. ಗೋಡೆಯ ಉದ್ದಕ್ಕೂ ಹಲಗೆಗಳ ಮೇಲೆ ಪ್ಲಾಸ್ಟರ್ ಬಾಯಿಗಳು ಸಾಲಾಗಿ ಕೂತಿದ್ದವು. ಪ್ರತಿಯೊಂದರ ತಳದಲ್ಲೂ ಒಂದು ನಂಬರು, ಕೊಡಬೇಕಾದ ತಾರೀಖು ಕೆತ್ತಿರುತ್ತಾರೆ. ನಂಬರಿಲ್ಲದ ಬಾಯಿ ಇಲ್ಲಿ ಇರುವುದಿಲ್ಲ. ಮಾಲೀಕ ದವಡೆಯನ್ನು ಮಗುಚಿ ತಳ ನೋಡಿದ. ಖಾಲಿ.

“ನಮ್ದಲ್ಲಮ್ಮ ಇದು. ನಮ್ಮತ್ರ ಬರೋರು ಹಲ್ಲು ಹೋದೋರು. ಹಲ್ಲು ಬರೋರಿಗೆ ನಮ್ಮತ್ರ ಏನು ಕೆಲಸ?”

“ಓವರ್‌ಟೈಮಲ್ಲಿ ಮಾಡಿದ್ದೇನೋ.”

ಮಾಲೀಕ ಮೋಟಾರು ನಿಲ್ಲಿಸಲು ಸನ್ನೆ ಮಾಡಿದ. ಸದ್ದು ನಿಂತ ಮೇಲೆ ಆ ಮಾತು ಇನ್ನೂ ಕಷ್ಟವಾಯಿತು ಅವನಿಗೆ.

“ಓವರ್‌ಟೈಮ್ ಎಲ್ಲಿದೆಯಮ್ಮ? ಐದೂವರೆಗೆ ನಾನೇ ಬೀಗ ಹಾಕೋದು.” ಅವಳ ಮುಖ ನೋಡಲಾಗದೆ ಅವನು ಅವಳ ಗಂಡನ ಮೇಜಿನ ಡ್ರಾಯರ್ ಎಳೆದ. “ಅವನ ಸಾಮಾನು ತಗೊಂಡು ಹೋಗಿ. ಬಂಗಾರದ ಕೈ ಅವನದು. ಎಲ್ಲರೂ ಹಲ್ಲು ಸಾಲಾಗಿ ಕೂರಿಸ್ತಾರೆ. ಇವನು ಒಂದನ್ನ ಚೂರು ಓರೆ ಮಾಡ್ತಿದ್ದ. ಯಾಕಯ್ಯಾ ಅಂದ್ರೆ, ಮುದುಕರಿಗೆ ಹೊಸ ಹಲ್ಲು ಬೇಡ ಸಾರ್, ಅವರ ಹಲ್ಲು ಬೇಕು ಅಂತಿದ್ದ.”

ಮೇಣದ ಚಾಕು, ಬಣ್ಣ ಹೊಂದಿಸಲು ಹಲ್ಲು ಪೋಣಿಸಿದ ಪಟ್ಟಿ, ಒಂದು ಬಾಚಣಿಗೆ. ಅಡಿಯಲ್ಲಿ ಒಂದು ನೋಟ್‌ಬುಕ್ಕು. ಮೊದಲ ಪುಟದಲ್ಲಿ ಅವನ ಕೈಬರಹ, ಇಂಗ್ಲಿಷಿನಲ್ಲಿ: ಸಂಜೆಯ ಇಂಗ್ಲಿಷ್ ತರಗತಿ, ಮಂಗಳವಾರ ಮತ್ತು ಶುಕ್ರವಾರ, ರೈಲ್ವೆ ಸೇತುವೆ ದಾಟಿದ ಮೇಲೆ, ಲಾಂಡ್ರಿಯ ಮಹಡಿ. ಅದರ ಕೆಳಗೆ ಎರಡು ಗೆರೆ ಎಳೆದು ಪಾಠದ ಹೆಸರು: ಮನುಷ್ಯರ ಹಲ್ಲು ಬೆಳೆಯುವ ಬಗೆ.

ಅಲ್ಲಿ ಹೆಂಗಸು ಇರಲಿಲ್ಲ. ಇಂಗ್ಲಿಷ್ ಇತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವಳು ಯೋಚಿಸಿದಳು, ಹೆಂಗಸೇ ಆಗಿದ್ದರೆ ಇದಕ್ಕಿಂತ ವಾಸಿಯಿತ್ತೇನೋ.

ಯಾಕೆಂದರೆ ಅವನು ಮೊದಲು ಕೇಳಿದ್ದು ಅವಳನ್ನೇ. ಮದುವೆಯಾದ ಎರಡನೇ ವರ್ಷ. ನಂಗೂ ಒಂಚೂರು ಇಂಗ್ಲಿಷ್ ಹೇಳಿಕೊಡು ಎಂದಿದ್ದ, ಉಪ್ಪು ಕೊಡು ಅನ್ನುವ ಹಾಗೆ ಸಲೀಸಾಗಿ. ಮೂರು ಸಂಜೆ ಅವನು ಬರೆದ, ಅವಳು ತಿದ್ದಿದಳು. ಅಚ್ಚಿನ ಮನೆಯ ಕೆಂಪು ಪೆನ್ಸಿಲ್ಲೇ ಕೈಯಲ್ಲಿತ್ತು. ಮೂರನೇ ದಿನ ಹಾಳೆಯಲ್ಲಿ ಅವನ ನೀಲಿಗಿಂತ ಅವಳ ಕೆಂಪೇ ಹೆಚ್ಚಿತ್ತು. ನಾಲ್ಕನೇ ದಿನ ಕಣ್ಣು ಉರಿಯುತ್ತಿದೆ ಎಂದ. ಐದನೇ ದಿನ ಅವಳೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಪೀಡೆ ತೊಲಗಿತು ಅನಿಸಿತ್ತು.

ನೋಟ್‌ಬುಕ್ಕಿನ ಎಡಪುಟಗಳಲ್ಲೆಲ್ಲ ಚಿತ್ರ. ಆರು ತಿಂಗಳ ಮಗುವಿನ ಒಸಡು ಸೀಳಿ ಬರುವ ಕೆಳಗಿನ ಎರಡು ಮುಂದಿನ ಹಲ್ಲು. ಎರಡೂವರೆ ವರ್ಷಕ್ಕೆ ಇಪ್ಪತ್ತು. ಆರನೇ ವರ್ಷಕ್ಕೆ ಎಲ್ಲರ ಹಿಂದೆ ಸದ್ದಿಲ್ಲದೆ ಬಂದು ಕೂರುವ ದವಡೆಹಲ್ಲು. ಅಂಥ ಚಿತ್ರಗಳನ್ನು ಅವಳು ಕೆಲಸ ಮಾಡುವ ಅಚ್ಚಿನ ಮನೆ ಹಣ ಕೊಟ್ಟು ಬರೆಸುತ್ತಿತ್ತು. ಬಲಪುಟಗಳಲ್ಲಿ ಅವನ ಇಂಗ್ಲಿಷ್, ಕಾಲು ಮುರಿದ ಕುರ್ಚಿಗಳಂತೆ ನಿಂತ ವಾಕ್ಯಗಳು. ಹಾಲುಹಲ್ಲು ಬರುತ್ತದೆ. ಹಾಲುಹಲ್ಲು ಹೋಗುತ್ತದೆ. ಕೆಳಗೆ ದೊಡ್ಡ ಹಲ್ಲು ಕಾಯುತ್ತಾ ಇದೆ. ಯಾರೂ ನೋಡುವುದಿಲ್ಲ. ನಾಲ್ಕನೇ ವಾಕ್ಯಕ್ಕೆ ಬರುವಷ್ಟರಲ್ಲಿ ಚೀಲದಿಂದ ಕೆಂಪು ಪೆನ್ಸಿಲ್ ಅವಳ ಕೈಗೆ ಬಂದಿತ್ತು. ಎರಡು ಕಡೆ ತಿದ್ದಿಯೂ ಆಗಿತ್ತು. ಕೈ ತಾನಾಗೇ ಮಾಡಿತ್ತು. ಪೆನ್ಸಿಲ್ಲನ್ನು ಒಳಗೆ ಹಾಕಿದಳು. ಕೆಂಪು ಅಳಿಸುವಂಥದ್ದಲ್ಲ.

ಕೊನೆಯ ಹಾಳೆಯಲ್ಲಿ ಒಂದು ಪಟ್ಟಿ ಇತ್ತು. ತಲೆಬರಹ: ಹೆಂಡತಿ.

ಹೆಂಡತಿ, ಹತ್ತಕ್ಕೆ ನಾಲ್ಕು. ದವಡೆಹಲ್ಲಿನ ಹೆಸರು ಮರೆಯುತ್ತಾಳೆ.

ಹೆಂಡತಿ, ಹತ್ತಕ್ಕೆ ನಾಲ್ಕು. ನಾಚಿಕೆ ಜಾಸ್ತಿ.

ಹೆಂಡತಿ, ಹತ್ತಕ್ಕೆ ಐದು. ಪರವಾಗಿಲ್ಲ. ಕೇಳುತ್ತಾಳೆ.

ಅವಳು ಅದನ್ನು ಮೂರು ಸಲ ಓದಿದಳು. ಒಂದು ವಾರದಿಂದ ಮರಗಟ್ಟಿದ್ದ ಜಾಗದಲ್ಲಿ ಮೊದಲ ಬಾರಿ ಏನೋ ಚುರುಕ್ ಎಂದಿತು. ಅದು ಸಿಟ್ಟು. ಯಾರೋ ಗುರುತು ಪರಿಚಯ ಇಲ್ಲದವರ ಮುಂದೆ ಅವನು ಅವಳನ್ನು ದಡ್ಡಿ ಮಾಡಿ ಕೂರಿಸಿದ್ದ. ಬದುಕಿದ್ದರೆ ಮನೆಗೆ ಹೋದ ತಕ್ಷಣ ಕೇಳಬಹುದಿತ್ತು. ಅದಕ್ಕೂ ಸೇರಿಸಿ ಸಿಟ್ಟು ಬಂತು.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ನಿಂತಿದ್ದರು. “ಏನಂತೆ? ಏನು ಬರ್ದಿದಾನೆ ಅದರಲ್ಲಿ?”

“ಹಲ್ಲು.”

“ಬರೀ ಹಲ್ಲಾ?”

“ಬರೀ ಹಲ್ಲು.”

ಅತ್ತೆ ಉಸಿರು ಬಿಟ್ಟರು. ಆಮೇಲೆ, ಮಗನ ಮೇಲೆ ಅನುಮಾನಪಟ್ಟ ನಾಚಿಕೆಗೋ ಏನೋ, ಮತ್ತೆ ಪಾತ್ರೆಗಳ ಹತ್ತಿರ ಹೋದರು.

ಮಾರನೇ ದಿನ ಶುಕ್ರವಾರ. ಅವಳು ದವಡೆಯನ್ನು ಅದೇ ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟಳು. ದಾರಿಯುದ್ದಕ್ಕೂ ತಲೆಯೊಳಗೆ ಒಂದು ವಾಕ್ಯ ಕಟ್ಟಿದಳು, ಇಂಗ್ಲಿಷಿನಲ್ಲಿ. ತಾನು ಯಾರು, ಏನು ಓದಿದ್ದೇನೆ, ಯಾವ ಯಾವ ಪುಸ್ತಕಗಳನ್ನು ತಿದ್ದಿದ್ದೇನೆ, ತನ್ನ ಗಂಡ ಹೇಳಿದ್ದರಲ್ಲಿ ಎಷ್ಟು ಸುಳ್ಳು, ಎಲ್ಲ ಒಂದೇ ವಾಕ್ಯದಲ್ಲಿ, ಎಲ್ಲೂ ಎಡವದೆ. ಸೇತುವೆಯ ತಿರುವಿನಲ್ಲಿ ಬಸ್ಸು ನಿಧಾನವಾಯಿತು. ರಸ್ತೆಯ ಅಂಚಿನಲ್ಲಿ ಸ್ಕೂಟರಿನ ದೀಪದ ಗಾಜಿನ ಚೂರು ಇನ್ನೂ ಬಿದ್ದಿತ್ತು. ಅವಳು ವಾಕ್ಯವನ್ನು ಮತ್ತೊಮ್ಮೆ ಮೊದಲಿಂದ ಹೇಳಿಕೊಂಡಳು. ತಿದ್ದುವುದಕ್ಕೆ ಏನೂ ಇರಲಿಲ್ಲ.

ಲಾಂಡ್ರಿಯ ಮಹಡಿಯ ಕೋಣೆ. ಕೆಳಗಿನ ಇಸ್ತ್ರಿ ಮೇಜುಗಳ ಕಾವಿಗೆ ನೆಲ ಬೆಚ್ಚಗಿತ್ತು. ಬೆಂಚುಗಳ ಮೇಲೆ ಐದಾರು ಜನ. ಗೋಡೆಯ ಕಪಾಟಿನಲ್ಲಿ ಬಿಚ್ಚಿಟ್ಟ ಒಂದು ಬೀಗ, ಅರ್ಧ ಹೊಲಿದ ಒಂದು ಕಾಲರು, ಲಿಫ್ಟಿನ ಒಂದು ರಾಟೆ, ನಡುವೆ ಒಂದು ಖಾಲಿ ಜಾಗ. ಪಾಠ ಹೇಳುವವರು ನಿವೃತ್ತ ನರ್ಸು, ಹೊರದೇಶದ ಆಸ್ಪತ್ರೆಗಳಲ್ಲಿ ದುಡಿದು ಬಂದವರು. ಎಲ್ಲರೂ ನರ್ಸಮ್ಮ ಅನ್ನುತ್ತಿದ್ದರು.

ಅವಳ ಕೈಯಲ್ಲಿದ್ದ ಟವೆಲ್ಲು ಕಂಡದ್ದೇ ತಡ, ಒಬ್ಬ ಹೆಂಗಸು ಕುಣಿದೆದ್ದಳು. ಕಾಲರು ಅವಳದಿರಬೇಕು, ಎದೆಯ ಮೇಲೆ ಗುಂಡುಸೂಜಿಗಳ ಸಾಲಿತ್ತು. “ಬಂದ್ರಪ್ಪಾ ಕೊನೆಗೂ! ನೀವೇ ತಾನೆ ಹಲ್ಲುಮೇಷ್ಟ್ರ ಹೆಂಡ್ತಿ? ಎಲ್ಲಿ ಅವರು, ಕೆಳಗೆ ಸ್ಕೂಟರ್ ನಿಲ್ಲಿಸ್ತಿದಾರಾ? ಹೋದ ಶುಕ್ರವಾರ ಕರ್ಕೊಂಡು ಬರ್ತೀನಿ ಅಂತ ಮಾತು ಕೊಟ್ಟು ತಲೆ ತಪ್ಪಿಸಿಕೊಂಡ್ರಲ್ಲ, ಬರಲಿ, ಇವತ್ತು ಇದೆ ಅವರಿಗೆ!”

“ಹೋದ ವಾರ ಮಂಗಳವಾರ ತೀರಿಕೊಂಡರು,” ಎಂದಳು ಅವಳು. “ಇಲ್ಲಿಂದ ಹೊರಟವರು, ಸೇತುವೆ ಹತ್ತಿರ.”

ಕೆಳಗೆ ಯಾರೋ ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿದ ಸದ್ದು ಬಂತು. ದರ್ಜಿ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ಕೂತಳು. ಮೂಲೆಯಲ್ಲಿದ್ದ ಮುದುಕ, ಬೀಗ ರಿಪೇರಿಯವನು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಆ ಮಂಗಳವಾರ ಅವನು ಬೇಗ ಎದ್ದು ಹೊರಟ ಮೇಲೆ ಆಂಬ್ಯುಲೆನ್ಸ್ ಸದ್ದು ಕೇಳಿಸ್ತು,” ಎಂದ ಮುದುಕ. “ಕಿಟಕಿ ಹಾಕಿ ಪಾಠ ಮುಂದುವರಿಸಿದ್ವಿ.”

ನರ್ಸಮ್ಮ ಕುರ್ಚಿ ತಂದು ಹಾಕಿದರು. ಅವಳು ಕೂತುಕೊಳ್ಳಲಿಲ್ಲ. ವಾಕ್ಯ ನಾಲಗೆಯ ಮೇಲೆ ಸಿದ್ಧವಾಗಿತ್ತು.

“ನನ್ನ ಬಗ್ಗೆ ಏನೇನು ಹೇಳಿದಾರೆ ಇಲ್ಲಿ?” ಎಂದು ಕೇಳಿದಳು. ಕೇಳಿ ಆಮೇಲೆ ಹೇಳೋಣ ಎಂದುಕೊಂಡಳು.

ನರ್ಸಮ್ಮ ತಮ್ಮ ತರಗತಿಯ ಪದ್ಧತಿ ವಿವರಿಸಿದರು. ಇಲ್ಲಿಗೆ ಬರುವವರು ಅವರವರ ಕೈಗೆ ಗೊತ್ತಿರುವ ಕೆಲಸದ ಮೂಲಕವೇ ಇಂಗ್ಲಿಷ್ ಕಲಿಯಬೇಕು. ಬೇಕಾದರೆ ಕಪಾಟಿನ ವಸ್ತುವನ್ನು ಎರವಲು ಒಯ್ದು, ಕಲಿತದ್ದನ್ನು ಮನೆಯಲ್ಲಿ ಒಬ್ಬರಿಗೆ ಕಲಿಸಬೇಕು, ವಾರ ವಾರ ಅವರಿಗೆ ಅಂಕ ಹಾಕಿ ತರಬೇಕು. ಕೊನೆಗೆ ಆ ಮನೆಯವರು ಬಂದು ಹತ್ತು ಪ್ರಶ್ನೆಗೆ ಉತ್ತರ ಹೇಳಿದರೆ ಕಲಿತವನು ಪಾಸು. ಇನ್ನೊಬ್ಬರಿಗೆ ಹೇಳಿಕೊಟ್ಟರೆ ತಾನೆ ತನಗೆ ಬಂದದ್ದು ಗೊತ್ತಾಗುವುದು?

“ಬೇರೆ ಯಾರಿದ್ರು ಅವನಿಗೆ ಮನೇಲಿ?” ಎಂದರು. “ತಾಯಿಗೆ ಕಣ್ಣು ಸರಿಯಿಲ್ಲ ಅಂದ. ಹೆಂಡತಿಗೆ ಇಂಗ್ಲಿಷ್ ಬರಲ್ಲ, ಅವಳಿಗೇ ಕಲಿಸ್ತೀನಿ ಅಂದ.”

ಅತ್ತೆಯ ಕಣ್ಣು ಹದ್ದಿನ ಕಣ್ಣು.

“ಎಷ್ಟು ಹೇಳೋರು ನಿಮ್ಮ ವಿಷಯ!” ದರ್ಜಿ ಹೆಂಗಸು ಮೂಗು ಒರೆಸಿಕೊಂಡಳು. “ಪಾಪ, ದಿನವಿಡೀ ದುಡಿದು ಬಂದ್ರೂ ಎದುರಿಗೆ ಕೂರ್ತಾಳೆ, ಗಲ್ಲಕ್ಕೆ ಕೈ ಕೊಟ್ಟು ಕೂತು ನಾನು ಹೇಳಿದ್ದೆಲ್ಲ ಕೇಳ್ತಾಳೆ ಅನ್ನೋರು. ನಮ್ಮನೇಲಿ ನನ್ನ ಗಂಡಂಗೆ ಕಾಲರ್ ಅಂದ್ರೆ ಆಕಳಿಕೆ. ಹೊಟ್ಟೆ ಉರ್ಕೊಳ್ತಿದ್ದೆ ನಾನು.”

ಅವಳು ಅವನ ಎದುರು ಗಲ್ಲಕ್ಕೆ ಕೈ ಕೊಟ್ಟು ಕೂತದ್ದು ಯಾವತ್ತು? ನೆನಪು ಮಾಡಿಕೊಂಡಳು. ನಾಲ್ಕು ವರ್ಷವನ್ನೂ ಕರಡಿನ ಹಾಳೆಗಳಂತೆ ತಿರುವಿಹಾಕಿದಳು. ಅಂಥ ಪುಟ ಇರಲಿಲ್ಲ. ಅವನು ಆ ಒಬ್ಬ ಹೆಂಡತಿಯನ್ನು ಮೇಣದಲ್ಲಿ ಕೆತ್ತಿದ ಹಾಗೆ ಕೆತ್ತಿದ್ದ. ನಾಚಿಕೆ, ಮರೆವು, ಚೂರು ದಡ್ಡತನ. ನಂಬಿಕೆ ಬರಲಿ ಎಂದು ಒಂದು ಹಲ್ಲನ್ನು ಓರೆ ಮಾಡಿದ್ದ.

ನರ್ಸಮ್ಮ ದೊಡ್ಡ ಪುಸ್ತಕ ತೆರೆದು ತೋರಿಸಿದರು. ಎಲ್ಲರ ಹೆಸರಿನ ಎದುರೂ ಕೊನೆಯ ಮನೆ ತುಂಬಿತ್ತು. ಅವನದೊಂದೇ ಖಾಲಿ. “ಐದು ವಾರದಿಂದ ನಾಳೆ ಕರ್ಕೊಂಡು ಬರ್ತೀನಿ, ನಾಡಿದ್ದು ಬರ್ತೀನಿ ಅಂತ ದೂಡ್ತಾ ಬಂದ. ಅವಳಿಗೆ ಭಯ ಮೇಡಂ ಅಂತಿದ್ದ. ಆ ಮಂಗಳವಾರ ದವಡೆ ಇನ್ನೂ ನಾಲ್ಕು ದಿನ ಇರಲಿ ಅಂದ. ಹೇಗಾದ್ರೂ ಕೇಳ್ತೀನಿ ಅವಳನ್ನ ಅಂದ.” ಅವರು ಪುಸ್ತಕ ಮುಚ್ಚತೊಡಗಿದರು. “ಹೋಗಲಿ. ಇನ್ನೇನು ಅದರಿಂದ.”

ಬಿಡುವಿದೆಯಾ ಎಂದು ಕೇಳಿದ್ದ. ಯಾಕೆ ಎಂದಿದ್ದಳು.

ಈಗ ಹೇಳಬಹುದಿತ್ತು. ಬಾಯಿ ತೆರೆದರೆ ಸಾಕು. ಅವಳು ಕಟ್ಟಿ ತಂದ ವಾಕ್ಯದ ಮೊದಲ ನಾಲ್ಕು ಪದಕ್ಕೇ ಈ ಕೋಣೆಯಲ್ಲಿ ಹಲ್ಲುಮೇಷ್ಟ್ರು ಎಂಬ ಮನುಷ್ಯ ಇನ್ನೊಮ್ಮೆ ಸಾಯುತ್ತಿದ್ದ. ಮನೆಯಲ್ಲಿ ಅವನನ್ನು ಯಾರೂ ಮೇಷ್ಟ್ರು ಎಂದು ಕರೆದಿರಲಿಲ್ಲ. ಅವಳ ಹೆಸರು ಉಳಿಯುತ್ತಿತ್ತು. ಅವಳಿಗೆ ಸಿಟ್ಟೂ ಇಳಿದಿರಲಿಲ್ಲ.

ಟವೆಲ್ಲು ಬಿಚ್ಚಿ ದವಡೆಯನ್ನು ಮೇಜಿನ ಮೇಲೆ ಇಟ್ಟಳು.

“ಕೇಳಿ,” ಎಂದಳು.

“ಏನಮ್ಮ?”

“ಹತ್ತು ಪ್ರಶ್ನೆ. ಕೇಳಿ.”

“ಇವತ್ತು ಬೇಡ ಮಗಳೇ.”

“ಇವತ್ತೇ ಕೇಳಿ.” ಈಗ ಕುರ್ಚಿಯಲ್ಲಿ ಕೂತಳು.

ನರ್ಸಮ್ಮ ಕನ್ನಡಕ ಹಾಕಿಕೊಂಡರು. ಕಿವಿ ಮಂದವಾದವರೊಡನೆ ಮಾತಾಡುವ ಹಾಗೆ ಒಂದೊಂದೇ ಇಂಗ್ಲಿಷ್ ಪದವನ್ನು ಎತ್ತಿಟ್ಟು ಕೇಳಿದರು. ಮಗುವಿಗೆ ಮೊದಲ ಹಲ್ಲು ಯಾವಾಗ? ಹಾಲುಹಲ್ಲು ಎಷ್ಟು? ಅವಳು ನಿಧಾನವಾಗಿ ಹೇಳಿದಳು. ಆರು ತಿಂಗಳು. ಇಪ್ಪತ್ತು. ತಪ್ಪು ಮಾತಾಡುವುದು ಇಷ್ಟು ಕಷ್ಟ ಎಂದು ಅವಳಿಗೆ ಗೊತ್ತಿರಲಿಲ್ಲ. ನಾಲಗೆ ತಾನಾಗಿಯೇ ತಿದ್ದಿಕೊಂಡು ಓಡುತ್ತಿತ್ತು, ಅದನ್ನು ಹಿಡಿದು ಹಿಡಿದು ನಿಲ್ಲಿಸಬೇಕಿತ್ತು. ಐದನೆಯದಕ್ಕೆ ತಡವರಿಸಿ ತಪ್ಪು ಹೇಳಿದಳು. ಆರನೆಯದು ದವಡೆಹಲ್ಲಿನ ಹೆಸರು. ಮರೆತಳು.

“ಅದನ್ನ ಮರೀತಾಳೆ ಅಂತ ಹೇಳಿದ್ದ,” ಎಂದು ಬೀಗದ ಮುದುಕ ಪಕ್ಕದವನ ಕಿವಿಯಲ್ಲಿ ಹೇಳಿದ. ಎಲ್ಲರಿಗೂ ಕೇಳಿಸಿತು. ಕಿವಿ ಬಿಸಿಯಾಯಿತು ಅವಳಿಗೆ. ವಿಶ್ವವಿದ್ಯಾಲಯ ಇಂಗ್ಲಿಷಿಗೆ ಕೊಟ್ಟ ಚಿನ್ನದ ಪದಕ ಮನೆಯ ಬೀರುವಿನಲ್ಲಿತ್ತು.

ಎಂಟನೆಯದನ್ನೂ ಬಿಟ್ಟಳು. ಒಂಬತ್ತನೆಯದು ಹೇಳಿದಳು.

“ಹತ್ತನೇದು,” ಎಂದರು ನರ್ಸಮ್ಮ. “ಬಿದ್ದ ಹಾಲುಹಲ್ಲಿಗೆ ಬೇರೇ ಇರಲ್ಲ. ಯಾಕೆ?”

ಇದು ಅವಳಿಗೆ ನಿನ್ನೆಯವರೆಗೂ ಗೊತ್ತಿರಲಿಲ್ಲ. ಓದಿದ ಅಷ್ಟು ಇಂಗ್ಲಿಷಿನಲ್ಲಿ ಎಲ್ಲೂ ಬಂದಿರಲಿಲ್ಲ. ನೋಟ್‌ಬುಕ್ಕಿನ ಹನ್ನೊಂದನೇ ಪುಟದಲ್ಲಿ, ಮೊನೆಚೂಪು ಪೆನ್ಸಿಲ್ಲಿನ ಚಿತ್ರದ ಎದುರು, ಅವನು ಬರೆದಿದ್ದ. ಅವಳು ದವಡೆಯ ಕಿಟಕಿಯೊಳಗೆ ಬೆರಳಿಟ್ಟಳು. ಅವನ ಮುರುಕು ವಾಕ್ಯಗಳನ್ನೇ, ಒಂದು ಅಕ್ಷರವನ್ನೂ ತಿದ್ದದೆ, ಅವನು ಬರೆದ ಹಾಗೆಯೇ ಹೇಳಿದಳು.

“ಹಾಲುಹಲ್ಲಿಗೂ ಬೇರಿತ್ತು. ಕೆಳಗಿಂದ ದೊಡ್ಡ ಹಲ್ಲು ಬರುತ್ತಾ ಬರುತ್ತಾ ಬೇರು ತಿಂದಿತು. ಆಮೇಲೆ ಹಾಲುಹಲ್ಲು ಬಿತ್ತು. ಜನ ಕೈಯಲ್ಲಿ ಹಿಡಿದು ನೋಡುತ್ತಾರೆ. ಇದಕ್ಕೆ ಬೇರೇ ಇರಲಿಲ್ಲ ಅನ್ನುತ್ತಾರೆ.”

ನರ್ಸಮ್ಮ ಪೆನ್ನು ತೆಗೆದು ಖಾಲಿ ಮನೆಯಲ್ಲಿ ಏಳು ಎಂದು ಬರೆದರು.

“ನಾಲ್ಕರಿಂದ ಏಳು. ಚೆನ್ನಾಗೇ ಕಲಿಸಿದಾನೆ ಕಣಮ್ಮ. ಬಿಡಬೇಡ ನೀನು, ನಿಂಗೂ ಬರುತ್ತೆ ಇಂಗ್ಲಿಷ್.”

“ಆಯ್ತು,” ಎಂದಳು.

ಎರವಲು ಪುಸ್ತಕವನ್ನು ಅವಳ ಮುಂದೆ ಸರಿಸಿದರು. ಪಡೆದ ವಸ್ತು, ದವಡೆ ಒಂದು. ಯಾತಕ್ಕಾಗಿ ಎಂಬ ಕಡೆ ಅವನ ಕೈಯಿಂದ ಇಂಗ್ಲಿಷಿನಲ್ಲಿ, ಹೆಂಡತಿಗೆ. ಪಕ್ಕದಲ್ಲಿ ಅವನ ಸಹಿ, ಬಾಲ ಎಳೆದು ಬರೆದದ್ದು, ಮೇಷ್ಟರ ಸಹಿ. ಹಿಂದಿರುಗಿಸಿದವರು ಎಂಬ ಕಡೆ ಅವಳು ಕನ್ನಡದಲ್ಲಿ, ಹೊಸದಾಗಿ ಬರೆಯಲು ಕಲಿತವಳ ಹಾಗೆ ಒತ್ತಿ ಒತ್ತಿ ಸಹಿ ಹಾಕಿದಳು. ಆಮೇಲೆ ದವಡೆಯನ್ನು ಎರಡೂ ಕೈಯಲ್ಲಿ ಎತ್ತಿ, ಕಪಾಟಿನಲ್ಲಿ ಬೀಗಕ್ಕೂ ಕಾಲರಿಗೂ ನಡುವಿನ ಖಾಲಿ ಜಾಗದಲ್ಲಿ, ಕೊರೆದ ಕಿಟಕಿ ಹೊರಗೆ ಕಾಣುವಂತೆ ತಿರುಗಿಸಿ ಇಟ್ಟಳು. ಟವೆಲ್ಲು ಅವಳದೇ. ಮಡಚಿ ಚೀಲಕ್ಕೆ ಹಾಕಿಕೊಂಡಳು.